ಕ್ರ್ಯಾಂಕಿನ ಮೂತಿಗೊಂದು ಪಿನ್

1997ರಲ್ಲಿ ಷೆವರ್ಲೆಯ ಐದನೇ ತಲೆಮಾರಿನ ಕಾರ್ವೆಟ್ ಬಂದಾಗ ಅದರ ಬಾನೆಟ್ ಕೆಳಗಿದ್ದ ಎಂಟು ಸಿಲಿಂಡರಿನ ವಿ8 ಎಂಜಿನ್ ಕೂಡ ಹೊಚ್ಚಹೊಸದು. ಹೆಸರು ಎಲ್‌ಎಸ್1. 5.7 ಲೀಟರ್, ಅಲ್ಯೂಮಿನಿಯಂ ಬ್ಲಾಕ್, 345 ಕುದುರೆಶಕ್ತಿ. ಆ ಎಂಜಿನ್ ಮತ್ತು ಅದರ ಮುಂದಿನ ಪೀಳಿಗೆಗಳು ಎಷ್ಟು ಗಟ್ಟಿಮುಟ್ಟೆಂದರೆ, ಇವತ್ತಿಗೂ ಅಮೆರಿಕದಲ್ಲಿ ಕಾರಿನ ಹುಚ್ಚಿರುವವರು ಅದಕ್ಕೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಕೂರಿಸಿ ಶಕ್ತಿಯನ್ನು ಒಂದೂವರೆ ಪಟ್ಟಿಗೆ ಏರಿಸುತ್ತಾರೆ. ಆದರೆ ಹಳೆಯ ಷೆವರ್ಲೆ ಎಂಜಿನ್‌ಗಳಲ್ಲಿ ಇದ್ದ ಒಂದು ಸಣ್ಣ ತುಂಡು ಕಬ್ಬಿಣ ಇದರಲ್ಲಿಲ್ಲ. ಅನುಭವ ಇರುವ ಮೆಕ್ಯಾನಿಕ್‌ಗಳು ಸೂಪರ್‌ಚಾರ್ಜರಿನ ಡಬ್ಬ ಬಿಚ್ಚುವ ಮೊದಲೇ ಆ ಕೊರತೆಯನ್ನು ತುಂಬಲು ಕೂರುತ್ತಾರೆ.

ಕ್ರ್ಯಾಂಕ್‌ಶಾಫ್ಟ್ ಎಂದರೆ ಪಿಸ್ಟನ್‌ಗಳ ಮೇಲೆಕೆಳಗಿನ ಓಟವನ್ನು ತಿರುಗಾಟವಾಗಿ ಬದಲಿಸುವ ಡೊಂಕು ದಂಡ. ಅದರ ಹಿಂದಿನ ತುದಿಯಿಂದ ಶಕ್ತಿ ಗೇರ್‌ಬಾಕ್ಸಿಗೆ ಹೋಗುತ್ತದೆ. ಮುಂದಿನ ತುದಿ, ಅಂದರೆ ಮೂತಿ, ಎಂಜಿನ್ನಿನಿಂದ ಹೊರಗೆ ಚಾಚಿಕೊಂಡಿರುತ್ತದೆ. ಅದರ ಮೇಲೆ ಕೂರುವುದು ಹಾರ್ಮೋನಿಕ್ ಬ್ಯಾಲೆನ್ಸರ್. ಹೊರಗಿನಿಂದ ನೋಡಿದರೆ ಅದು ಬೆಲ್ಟ್ ಓಡುವ ದಪ್ಪ ಪುಲ್ಲಿ. ಒಳಗೆ ಉಕ್ಕಿನ ಹಬ್, ಹೊರಗೆ ಭಾರದ ಬಳೆ, ನಡುವೆ ರಬ್ಬರಿನ ಪದರ. ಷೆವರ್ಲೆಯ ಹಳೆಯ ‘ಸ್ಮಾಲ್ ಬ್ಲಾಕ್’ ವಿ8 ಎಂಜಿನ್‌ಗಳಲ್ಲಿ ಮೂತಿಯ ಮೇಲೆ ಒಂದು ತೋಡು, ಹಬ್ಬಿನೊಳಗೆ ಇನ್ನೊಂದು ತೋಡು, ಎರಡಕ್ಕೂ ಅರ್ಧರ್ಧ ಸಿಕ್ಕಿಕೊಂಡ ಕೀ ಎಂಬ ಲೋಹದ ತುಂಡು ಇರುತ್ತಿತ್ತು. ಪುಲ್ಲಿ ಜಾರಬೇಕೆಂದರೆ ಆ ಕೀ ಕತ್ತರಿಸಿಹೋಗಬೇಕು.

ಎಲ್‌ಎಸ್1ರಲ್ಲಿ ಬ್ಯಾಲೆನ್ಸರಿಗೆ ಆ ಕೀ ಇಲ್ಲ. ಹಬ್ಬಿನ ರಂಧ್ರ ಮೂತಿಗಿಂತ ಕೂದಲೆಳೆಯಷ್ಟು ಚಿಕ್ಕದು; ಒತ್ತಿ ಕೂರಿಸುತ್ತಾರೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿದರೆ ಆರಿದ ಮೇಲೆ ಬಿಗಿದು ಹಿಡಿಯುತ್ತದಲ್ಲ, ಹಾಗೆಯೇ ಇದೂ ಮೂತಿಯನ್ನು ಅಪ್ಪಿ ಹಿಡಿಯುತ್ತದೆ. ಅದರ ಮೇಲೆ 16 ಮಿ.ಮೀ. ವ್ಯಾಸದ ಒಂದು ಬೋಲ್ಟ್ ಹಬ್ಬನ್ನು ಹಿಂದಕ್ಕೆ ಅದುಮಿಡುತ್ತದೆ. ಉಳಿದಿದ್ದೆಲ್ಲ ಘರ್ಷಣೆಯ ಕೆಲಸ.

ಕೀ ತೆಗೆದದ್ದು ಬೇಜವಾಬ್ದಾರಿಯೆಂದು ನನಗನ್ನಿಸುವುದಿಲ್ಲ. ಹಳೆಯ ಎಂಜಿನ್‌ಗಳಲ್ಲಿ ಇಗ್ನಿಷನ್ ಟೈಮಿಂಗಿನ, ಅಂದರೆ ಕಿಡಿ ಹಾರುವ ಹೊತ್ತಿನ, ಗುರುತು ಬ್ಯಾಲೆನ್ಸರಿನ ಅಂಚಿನಲ್ಲೇ ಇರುತ್ತಿತ್ತು. ಅದು ಎರಡು ಡಿಗ್ರಿ ಸರಿದರೂ ಮೆಕ್ಯಾನಿಕ್ ಓದುವ ಲೆಕ್ಕ ಎರಡು ಡಿಗ್ರಿ ತಪ್ಪು. ಎಲ್‌ಎಸ್1ರಲ್ಲಿ ಕ್ರ್ಯಾಂಕಿನ ಹಿಂಬದಿಗೆ ಒಂದು ಹಲ್ಲಿನ ಚಕ್ರವಿದೆ. ಸೆನ್ಸರ್ ಅದನ್ನು ಓದಿ ಕಂಪ್ಯೂಟರಿಗೆ ಹೇಳುತ್ತದೆ. ಮುಂದಿನ ಪುಲ್ಲಿಯ ಗುರುತು ನೋಡುವ ಅಗತ್ಯವೇ ಇಲ್ಲ. ಜೊತೆಗೆ ತೋಡು ಕೊರೆದ ಕಡೆ ಶಾಫ್ಟಿನಲ್ಲಿ ಒತ್ತಡ ಜಮಾಯಿಸುತ್ತದೆ, ಬಿರುಕು ಹುಟ್ಟುವುದು ಅಂಥ ಚೂಪು ಮೂಲೆಗಳಲ್ಲೇ. ಆಲ್ಟರ್ನೇಟರ್, ನೀರಿನ ಪಂಪು, ಎ.ಸಿ. ಕಂಪ್ರೆಸರ್, ಪವರ್ ಸ್ಟಿಯರಿಂಗ್ ಇಷ್ಟನ್ನೇ ಎಳೆಯುವ ಪುಲ್ಲಿಗೆ ಘರ್ಷಣೆ ಧಾರಾಳವಾಗಿ ಸಾಕು.

ಸೂಪರ್‌ಚಾರ್ಜರ್ ಬಂದಾಗ ಲೆಕ್ಕ ಬದಲಾಗುತ್ತದೆ. ಅದು ಬೆಲ್ಟಿನಿಂದ ತಿರುಗುವ ಗಾಳಿ ಪಂಪು. ಟರ್ಬೊ ಹೊಗೆಯ ಬಲದಿಂದ ತಿರುಗಿದರೆ ಇದು ಕ್ರ್ಯಾಂಕಿನ ಬಲದಿಂದಲೇ ತಿರುಗಬೇಕು. ಎಷ್ಟು ಬಲ? ಆಮೇಲೆ ಬಂದ 6.2 ಲೀಟರಿನ ಎಲ್‌ಎಸ್3 ಎಂಜಿನ್ ತೆಗೆದುಕೊಳ್ಳೋಣ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ನಿಮಿಷಕ್ಕೆ 6500 ಸುತ್ತಿನಲ್ಲಿ ಅದು ಸೆಕೆಂಡಿಗೆ ಸುಮಾರು 335 ಲೀಟರ್ ಗಾಳಿ ನುಂಗುತ್ತದೆ. ಆ ಗಾಳಿಯನ್ನು ವಾತಾವರಣದ ಒತ್ತಡಕ್ಕಿಂತ ಅರ್ಧ ಪಟ್ಟು ಹೆಚ್ಚು ಒತ್ತಿ ತುಂಬಬೇಕೆಂದರೆ ಸೆಕೆಂಡಿಗೆ ಅರ್ಧ ಕಿಲೋಗೂ ಮಿಕ್ಕಿ ಗಾಳಿಯನ್ನು ಅದುಮಬೇಕು. ಅದುಮಿದಾಗ ಗಾಳಿ ಐವತ್ತು ಡಿಗ್ರಿಗೂ ಹೆಚ್ಚು ಬಿಸಿಯಾಗುತ್ತದೆ. ಆ ಬಿಸಿಗೆ ಬೇಕಾದ ಶಕ್ತಿ ಸುಮಾರು 30 ಕಿಲೋವಾಟ್, ಅಂದರೆ ನಲವತ್ತು ಕುದುರೆಶಕ್ತಿ. ಒಂದು ಸಣ್ಣ ಕಾರನ್ನು ಓಡಿಸುವಷ್ಟು ಶಕ್ತಿ ಆ ಒಂದು ಬೆಲ್ಟಿನಲ್ಲಿ ಹರಿಯುತ್ತದೆ.

ಇದನ್ನು ತಿರುಚುಬಲಕ್ಕೆ ಬದಲಿಸಿದರೆ ಮಾತ್ರ ಒಂದು ಅಚ್ಚರಿ. 6500 ಸುತ್ತಿನಲ್ಲಿ 30 ಕಿಲೋವಾಟ್ ಎಂದರೆ ಕ್ರ್ಯಾಂಕಿನ ಮೂತಿಯ ಮೇಲೆ ಕೇವಲ 44 ನ್ಯೂಟನ್ ಮೀಟರ್. ಬೋಲ್ಟ್ ಹಬ್ಬನ್ನು ಒಂದು ಲಕ್ಷ ನ್ಯೂಟನ್ ಬಲದಿಂದ ಅದುಮಿದೆ ಎಂದುಕೊಳ್ಳಿ, ಸುಮಾರು ಹತ್ತು ಟನ್ ಭಾರ. ಘರ್ಷಣೆಯ ಗುಣಾಂಕ 0.15, ತ್ರಿಜ್ಯ 2 ಸೆಂ.ಮೀ. ಆಗ ಘರ್ಷಣೆ ತಡೆಯಬಲ್ಲದ್ದು 300 ನ್ಯೂಟನ್ ಮೀಟರ್. ಒತ್ತಿ ಕೂರಿಸಿದ ಬಿಗಿತ ಇದರ ಮೇಲೆ ಬೇರೆ. ಆರೇಳು ಪಟ್ಟು ಮೀಸಲು ಇದ್ದಂತಾಯಿತು. ಹಾಗಿದ್ದೂ ಬ್ಯಾಲೆನ್ಸರುಗಳು ಜಾರುತ್ತವೆ. ಯಾಕೆ?

ಕ್ರ್ಯಾಂಕ್ ಒಂದೇ ಸಮ ತಿರುಗುವುದಿಲ್ಲ ಎಂಬುದರಲ್ಲಿ ಉತ್ತರವಿದೆ. ವಿ8 ಎಂಜಿನ್ನಿನಲ್ಲಿ ಒಂದು ಸುತ್ತಿಗೆ ನಾಲ್ಕು ಸಲ ಇಂಧನ ಉರಿಯುತ್ತದೆ. 6000 ಸುತ್ತಿನಲ್ಲಿ ಸೆಕೆಂಡಿಗೆ 400 ಹೊಡೆತ. ಪ್ರತಿ ಹೊಡೆತಕ್ಕೂ ಆ ದಪ್ಪ ದಂಡ ಎಳ್ಳಷ್ಟು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಬ್ಯಾಲೆನ್ಸರ್ ಇರುವುದೇ ಈ ನಡುಕವನ್ನು ನುಂಗಲು: ಹಬ್ ಮುಂದಕ್ಕೆ ಜಗ್ಗಿದಾಗ ಹೊರಗಿನ ಭಾರದ ಬಳೆ ಹಿಂದಕ್ಕೆ ಎಳೆಯುತ್ತದೆ, ನಡುವಿನ ರಬ್ಬರು ಆ ಶಕ್ತಿಯನ್ನು ಬಿಸಿಯಾಗಿ ಕರಗಿಸುತ್ತದೆ. ಈಗ ಬಳೆ ಮೂರು ಕಿಲೋ ತೂಗುತ್ತದೆ, ಕೇಂದ್ರದಿಂದ ಏಳು ಸೆಂ.ಮೀ. ದೂರದಲ್ಲಿದೆ ಎಂದು ಹಿಡಿದು ಲೆಕ್ಕ ಹಾಕಿ. ಅದು ಸೆಕೆಂಡಿಗೆ 400 ಸಲ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಆಚೀಚೆ ನಡುಗಿದರೂ ಹಬ್ ಹಿಡಿದಿಡಬೇಕಾದ ತಿರುಚುಬಲ 160 ನ್ಯೂಟನ್ ಮೀಟರ್ ದಾಟುತ್ತದೆ. ಒಮ್ಮೆ ಈ ಕಡೆಗೆ, ಮರುಕ್ಷಣ ಆ ಕಡೆಗೆ. ಸೂಪರ್‌ಚಾರ್ಜರ್ ಸಿಲಿಂಡರಿನೊಳಗಿನ ಒತ್ತಡವನ್ನು ಹೆಚ್ಚಿಸುವುದರಿಂದ ಪ್ರತಿ ಹೊಡೆತವೂ ಬಿರುಸಾಗುತ್ತದೆ. ಎಂಜಿನ್ ತನ್ನ ಸಹಜ ಕಂಪನದ ವೇಗ ಮುಟ್ಟಿದಾಗ ನಡುಕ ಇನ್ನೂ ಹಿಗ್ಗುತ್ತದೆ. ಬೆಲ್ಟ್ ಎಳೆಯುವ 44 ಇದರ ಮೇಲೆ ಹೇರಿದ ಹೊರೆ.

ಗೇರು ಬದಲಿಸುವಾಗ ಇನ್ನೊಂದು ಪೆಟ್ಟು. ಸೆಂಟ್ರಿಫ್ಯೂಗಲ್ ಮಾದರಿಯ ಸೂಪರ್‌ಚಾರ್ಜರಿನ ರೆಕ್ಕೆಚಕ್ರ ನಿಮಿಷಕ್ಕೆ 50,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ, ಕ್ರ್ಯಾಂಕಿನ ಎಂಟು ಪಟ್ಟು. ವೇಗ ಎಂಟು ಪಟ್ಟಾದರೆ ಅದರ ಜಡತ್ವ ಕ್ರ್ಯಾಂಕಿಗೆ ಅರವತ್ತನಾಲ್ಕು ಪಟ್ಟಾಗಿ ತೋರುತ್ತದೆ. ಕ್ಲಚ್ ತುಳಿದು ಎಂಜಿನ್ ಕಣ್ಣುಮಿಟುಕಿಸುವಷ್ಟರಲ್ಲಿ ಎರಡು ಸಾವಿರ ಸುತ್ತು ಇಳಿದಾಗ ಆ ಚಕ್ರ ಇಳಿಯಲು ಒಪ್ಪದೆ ಬೆಲ್ಟಿನ ಮೂಲಕ ಪುಲ್ಲಿಯನ್ನು ಮುಂದಕ್ಕೆ ತಳ್ಳುತ್ತದೆ. ಇನ್ನು ಮೂತಿಯ ಮೇಲೆ ಒಂದಿಷ್ಟು ಎಣ್ಣೆ ಹರಡಿಕೊಂಡಿದ್ದರೆ, ಅಥವಾ ಹಳೆಯ ಬೋಲ್ಟನ್ನೇ ಮತ್ತೆ ಬಿಗಿದಿದ್ದರೆ, ಕಾಗದದ ಮೇಲಿನ 300 ನ್ಯೂಟನ್ ಮೀಟರ್ ಕರಗಿ ಅರ್ಧವಾಗುತ್ತದೆ.

ಜಾರುವಿಕೆ ಶುರುವಾಗುವುದು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ. ಹಬ್ ಮತ್ತು ಮೂತಿ ಒಂದರ ಮೇಲೊಂದು ಮೈಕ್ರಾನ್ ಲೆಕ್ಕದಲ್ಲಿ ತಿಕ್ಕಾಡುತ್ತವೆ. ಉದುರಿದ ಲೋಹ ತುಕ್ಕು ಹಿಡಿದು ನುಣ್ಣನೆಯ ಕೆಂಪು ಪುಡಿಯಾಗುತ್ತದೆ. ಹಬ್ ಬಿಚ್ಚಿದಾಗ ಒಳಗೆ ಇಟ್ಟಿಗೆ ಬಣ್ಣದ ಈ ಹುಡಿ ಕಂಡರೆ ಜಾರಾಟ ಶುರುವಾಗಿ ಬಹಳ ದಿನವಾಗಿದೆ ಎಂದು ತಿಳಿಯಬೇಕು. ಸವೆದಷ್ಟೂ ಬಿಗಿತ ಸಡಿಲ, ಸಡಿಲವಾದಷ್ಟೂ ಸವೆತ. ಕೊನೆಗೊಂದು ದಿನ ಹಬ್ ಪೂರ್ತಿ ತಿರುಗಿ, ತನ್ನ ಜೊತೆ ಬೋಲ್ಟಿನ ತಲೆಯನ್ನೂ ತಿರುಗಿಸಿ ಬಿಚ್ಚುತ್ತದೆ. ಮೂತಿಯ ಮೇಲೆ ಆಳವಾದ ಗೀರು ಬಿತ್ತೆಂದರೆ ಇಡೀ ಎಂಜಿನ್ ಇಳಿಸಿ ಕ್ರ್ಯಾಂಕ್ ಬದಲಿಸುವುದೊಂದೇ ದಾರಿ.

ಇದನ್ನು ತಡೆಯಲು ಮಾಡುವ ಕೆಲಸವೇ ಪಿನ್ ಹಾಕುವುದು. ಎಂಜಿನ್ ಇಳಿಸಬೇಕಿಲ್ಲ. ಕಾರ್ವೆಟ್ಟಿನಲ್ಲಿ ಸ್ಟಿಯರಿಂಗ್ ರ‍್ಯಾಕ್ ಅಡ್ಡ ಬರುತ್ತದೆ, ಅದನ್ನು ಸಡಿಲಿಸಿ ಪಕ್ಕಕ್ಕೆ ಸರಿಸಿದರೆ ಕೈಯಾಡಲು ಜಾಗ ಸಿಗುತ್ತದೆ. ಹಳೆಯ ಬೋಲ್ಟಿನಿಂದ 330 ನ್ಯೂಟನ್ ಮೀಟರ್ ಬಿಗಿದು ಬ್ಯಾಲೆನ್ಸರ್ ಪೂರ್ತಿ ಒಳಗೆ ಕೂತಿದೆಯೆಂದು ಖಚಿತಪಡಿಸಿಕೊಂಡು, ಆ ಬೋಲ್ಟ್ ತೆಗೆದು, ಅದೇ ಮರೆಗೆ, ಅಂದರೆ ಬೋಲ್ಟ್ ಕೂರುವ ತಿರುಪು ರಂಧ್ರಕ್ಕೆ, ಗಟ್ಟಿ ಉಕ್ಕಿನ ಡ್ರಿಲ್ ಗೈಡನ್ನು ತಿರುಪುತ್ತಾರೆ. ಗೈಡಿನ ತೂತು ಸರಿಯಾಗಿ ಹಬ್ಬೂ ಮೂತಿಯೂ ಕೂಡುವ ಗೆರೆಯ ಮೇಲೆ ಬರುತ್ತದೆ. ಕೊರೆದ ರಂಧ್ರದ ಅರ್ಧ ಕ್ರ್ಯಾಂಕಿನಲ್ಲಿ, ಅರ್ಧ ಹಬ್ಬಿನಲ್ಲಿ.

ಗೈಡ್ ಇಲ್ಲದೆ ಇದು ಸಾಧ್ಯವೇ ಇಲ್ಲ, ಏಕೆಂದರೆ ಡ್ರಿಲ್ ಬಿಟ್ ಯಾವಾಗಲೂ ಮೆತ್ತಗಿರುವ ಕಡೆಗೇ ವಾಲುತ್ತದೆ. ಕ್ರ್ಯಾಂಕ್ ನಾಡ್ಯುಲರ್ ಎರಕದ ಕಬ್ಬಿಣದ್ದು, ಹಬ್ ಬೇರೆಯೇ ಲೋಹ. ಎರಡರ ನಡುವಿನ ಸಂದಿಯಲ್ಲಿ ಇಳಿಯುವ ಬಿಟ್ಟಿಗೆ ಒಂದು ಪಕ್ಕ ಗಟ್ಟಿ, ಇನ್ನೊಂದು ಪಕ್ಕ ಮೆದು. ಅವಸರದಿಂದ ಒತ್ತಿದರೆ ಬಿಟ್ ಬಾಗಿ ಒಳಗೇ ಮುರಿಯುತ್ತದೆ, ಆ ಗಟ್ಟಿ ತುಂಡನ್ನು ಹೊರತೆಗೆಯುವುದು ದೊಡ್ಡ ರಗಳೆ. ಆದ್ದರಿಂದ ಕಡಿಮೆ ವೇಗ, ಬೇಕಾದಷ್ಟು ಕಟಿಂಗ್ ಆಯಿಲ್, ಸ್ವಲ್ಪ ಸ್ವಲ್ಪಕ್ಕೂ ಬಿಟ್ ಹೊರಗೆಳೆದು ಚೂರು ಒರೆಸುವುದು. ಕಡೆಗೆ ರೀಮರ್ ಆಡಿಸಿ ರಂಧ್ರವನ್ನು ಪಿನ್ನಿನ ಅಳತೆಗೆ ತರುತ್ತಾರೆ. ಕಾಲಿಂಚಿನ, ಅಂದರೆ 6.35 ಮಿ.ಮೀ. ದಪ್ಪದ ಹದಗೊಳಿಸಿದ ಉಕ್ಕಿನ ಪಿನ್ ಅದರೊಳಗೆ ಇಳಿಯುತ್ತದೆ. ಅದರ ತಲೆ ಹಬ್ಬಿನ ಮುಖಕ್ಕಿಂತ ತುಸು ಒಳಗಿರಬೇಕು. ಒಂದು ಕೂದಲಿನಷ್ಟು ಹೊರಗಿದ್ದರೂ ಬೋಲ್ಟಿನ ತಲೆ ಹಬ್ಬಿನ ಬದಲು ಪಿನ್ನನ್ನೇ ಅದುಮುತ್ತದೆ, ಹಬ್ ಸಡಿಲವಾಗಿಯೇ ಉಳಿಯುತ್ತದೆ. ಈ ಒಂದು ಅಳತೆಯನ್ನು ಕಣ್ಣಂದಾಜಿಗೆ ಬಿಡದೆ ಡೆಪ್ತ್ ಗೇಜ್ ಇಟ್ಟೇ ನೋಡಬೇಕು.

ಪಿನ್ ಎಷ್ಟು ತಡೆಯುತ್ತದೆ? ಅದು 20 ಮಿ.ಮೀ. ಒಳಗಿಳಿದಿದ್ದರೆ ಉಕ್ಕಿನ ಪಿನ್ ಕತ್ತರಿಸುವುದಕ್ಕೆ ಮುಂಚೆ ಅದರ ಪಕ್ಕದ ಎರಕ ಜಜ್ಜಿಹೋಗುತ್ತದೆ. ನನ್ನ ಅಂದಾಜಿನಲ್ಲಿ ಆ ಮಿತಿ ನಾಲ್ಕುನೂರು ನ್ಯೂಟನ್ ಮೀಟರಿನ ಸುತ್ತಮುತ್ತ. ಒಳ್ಳೆಯ ಬಲವೇ. ಆದರೂ ಪಿನ್ ಇದೆಯಲ್ಲ ಎಂದು ಬೋಲ್ಟಿನ ವಿಷಯದಲ್ಲಿ ಸಡಿಲ ಬಿಡುವವರ ವಾದವನ್ನು ನಾನು ಒಪ್ಪುವುದಿಲ್ಲ. ಸೆಕೆಂಡಿಗೆ ನಾನೂರು ಸಲ ದಿಕ್ಕು ಬದಲಿಸುವ ಬಲವನ್ನು ಪಿನ್ ಒಂಟಿಯಾಗಿ ಹೊತ್ತರೆ ರಂಧ್ರ ದಿನದಿನಕ್ಕೂ ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಹೊರೆ ಹೊರಬೇಕಾದ್ದು ಘರ್ಷಣೆಯೇ. ಆ ಘರ್ಷಣೆ ಒಂದು ಕ್ಷಣ ಸೋತಾಗ ಜಾರಾಟ ಮೊದಲ ಮೈಕ್ರಾನಿನಲ್ಲೇ ನಿಲ್ಲಲಿ ಎಂದು ಪಿನ್.

ಕಂಪನಿಯವರೂ ಇದೇ ನಂಬಿಕೆಗೆ ಬಂದರೆಂದು ಕಾಣುತ್ತದೆ. 2009ರ ಕಾರ್ವೆಟ್ ಝಡ್‌ಆರ್1 ಕಾರ್ಖಾನೆಯಿಂದಲೇ ಸೂಪರ್‌ಚಾರ್ಜರ್ ಹೊತ್ತು ಬಂದಿತು, 638 ಕುದುರೆಶಕ್ತಿ. ಅದರ ಎಲ್‌ಎಸ್9 ಎಂಜಿನ್ನಿಗೆ ಎರಕದ ಬದಲು ಬಡಿದು ಮಾಡಿದ ಉಕ್ಕಿನ ಕ್ರ್ಯಾಂಕ್ ಕೊಟ್ಟರು, ಮುಂದಿನ ಬ್ಯಾಲೆನ್ಸರಿಗೆ ಕೀ ಮರಳಿತು, ಅದರ ಜೊತೆಗೆ ಘರ್ಷಣೆ ಹೆಚ್ಚಿಸುವ ವಾಷರನ್ನೂ ಇಟ್ಟರು. ಕೀ ಬಂದ ಮೇಲೂ ವಾಷರ್ ಬೇಕಾಯಿತು ಎಂಬುದು ಗಮನಿಸಬೇಕಾದ ಸಂಗತಿ. ಬಿಎಂಡಬ್ಲ್ಯು ಎಂ3, ಎಂ4 ಕಾರುಗಳ ಎಸ್55 ಟರ್ಬೊ ಎಂಜಿನ್ನಿನಲ್ಲಿ ಈ ಸಮಸ್ಯೆಯ ಇನ್ನೂ ಅಪಾಯಕಾರಿ ರೂಪವಿದೆ. ಅಲ್ಲಿ ಟೈಮಿಂಗ್ ಚೈನಿನ ಹಲ್ಲುಚಕ್ರವೂ ಘರ್ಷಣೆಯ ಬಿಗಿತದಲ್ಲೇ ನಿಂತಿದೆ. ಶಕ್ತಿ ಏರಿಸಿದ ಎಂಜಿನ್‌ಗಳಲ್ಲಿ ಅದು ಜಾರಿದರೆ ವಾಲ್ವುಗಳು ತೆರೆಯುವ ಹೊತ್ತೇ ತಪ್ಪುತ್ತದೆ.

ಪಿನ್ನಿನ ಆಚೆಗೆ ಇನ್ನೊಂದು ಮಾತು. ಬಿಗಿಯಾದ ಬೆಲ್ಟ್ ಮೂತಿಯನ್ನು ಒಂದೇ ಪಕ್ಕಕ್ಕೆ ಜಗ್ಗುತ್ತಿರುತ್ತದೆ, ಆ ಎಳೆತವನ್ನು ತಡೆಯುವುದು ಮುಂದಿನ ಮೇನ್ ಬೇರಿಂಗ್. ಬೆಲ್ಟ್ ಜಾರುತ್ತಿದೆ ಎಂದು ಟೆನ್ಶನರನ್ನು ಇನ್ನಷ್ಟು ಬಿಗಿಯುವ ಬದಲು ಅಗಲವಾದ ಬೆಲ್ಟ್ ಹಾಕುವುದು, ಆರು ಗೆರೆಯ ಜಾಗಕ್ಕೆ ಎಂಟು ಅಥವಾ ಹತ್ತು ಗೆರೆಯದ್ದು, ಬೇರಿಂಗಿಗೆ ಹಿತ.

ಕೊನೆಯ ಹಂತ ಹೊಸ ಬೋಲ್ಟ್. ಎಲ್‌ಎಸ್ ಬೋಲ್ಟ್ ಒಮ್ಮೆ ಹಿಗ್ಗಿದರೆ ಮುಗಿಯಿತು, ಎರಡನೇ ಸಲಕ್ಕೆ ಅದೇ ಬಿಗಿತ ಕೊಡುವುದಿಲ್ಲ. ಹಬ್ಬಿನ ಮುಖ ಮತ್ತು ಬೋಲ್ಟಿನ ಮರೆಯಲ್ಲಿ ಉಳಿದ ಚೂರು, ಎಣ್ಣೆಯನ್ನೆಲ್ಲ ಸಾಲ್ವೆಂಟ್ ಹಾಕಿ ತೊಳೆದು, ಗಾಳಿ ಊದಿ, ಮೊದಲು 50 ನ್ಯೂಟನ್ ಮೀಟರ್ ಬಿಗಿದು, ಆಮೇಲೆ ಕೋನಮಾಪಕ ಇಟ್ಟು 140 ಡಿಗ್ರಿ ತಿರುಗಿಸಬೇಕು. ತಿರುಚುಬಲ ಬಿಟ್ಟು ಕೋನ ಅಳೆಯುವುದು ಏಕೆಂದರೆ ಮರೆಯ ಘರ್ಷಣೆ ಒಂದೊಂದು ಬೋಲ್ಟಿಗೆ ಒಂದೊಂದು ಥರ. ತಿರುಗಿಸಿದ ಕೋನ ಮಾತ್ರ ಬೋಲ್ಟ್ ಎಷ್ಟು ಹಿಗ್ಗಿತು ಎಂಬುದನ್ನು ಹೆಚ್ಚು ನಂಬಿಕೆಯಿಂದ ಹೇಳುತ್ತದೆ. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಹಬ್ಬಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆದಿಡಬೇಕು. ಪ್ರತಿ ಸಲ ಬೆಲ್ಟ್ ನೋಡಲು ಕಾರನ್ನು ಮೇಲೆತ್ತಿದಾಗ ಆ ಗೆರೆಯನ್ನೂ ನೋಡಿ. ಎರಡು ತುಂಡಾಗಿ ಸರಿದಿದ್ದರೆ ಬೋಲ್ಟಿನ ಬಿಗಿತ ಸೋತಿದೆ, ಪಿನ್ ಒಂಟಿಯಾಗಿ ಹೊರುತ್ತಿದೆ. ಅದನ್ನೇ ಮತ್ತೆ ಬಿಗಿಯಲು ಹೋಗದೆ ಹಬ್ ಬಿಚ್ಚಿ, ಕೆಂಪು ಹುಡಿ ಇದೆಯೇ ಎಂದು ಮೂತಿಯನ್ನು ನೋಡಿ, ಇನ್ನೊಂದು ಹೊಸ ಬೋಲ್ಟಿನಿಂದ ಮೊದಲಿಂದ ಶುರು ಮಾಡಬೇಕು.