‘ಮಕ್ಕಳೆಷ್ಟು?’ ಅಂತ ಡಾಕ್ಟರು ಕೇಳೋದು ಯಾಕೆ?

ಹೆಂಗಸರ ವಾರ್ಡಿನ ಕೇಸ್ ಶೀಟಿನಲ್ಲಿ ಹೆಸರು, ವಯಸ್ಸು ಆದ ಮೇಲೆ ಒಂದು ಪುಟ್ಟ ಸಾಲು ಇರುತ್ತದೆ: ‘ಜಿ3 ಪಿ2 ಎಲ್2 ಎ1’. ಮೂರು ಸಲ ಬಸಿರು, ಎರಡು ಹೆರಿಗೆ, ಇಬ್ಬರು ಮಕ್ಕಳು ಇದ್ದಾರೆ, ಒಂದು ಗರ್ಭ ನಿಲ್ಲಲಿಲ್ಲ. ಬಸಿರೇ ಆಗದವರಿಗೆ ‘ನಲಿಗ್ರಾವಿಡಾ’ ಅಂತ ಒಂದೇ ಪದ.

ಹೋದ ವರ್ಷ ಆ ಪದವಿದ್ದ ಶೀಟಿನ ಜೊತೆ ಒಬ್ಬರು ಬಂದಿದ್ದರು. ವಯಸ್ಸು 57, ಜೊತೆಗೆ ಅಕ್ಕನ ಮಗಳು. ಬಯಾಪ್ಸಿಯಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಂತ ಬಂದಿತ್ತು. ಹುಡುಗಿ ಬಿಲ್ ಕಟ್ಟಲು ಹೋಗುವುದನ್ನೇ ಕಾದಿದ್ದವರಂತೆ ಕೇಳಿದರು: “ಮಕ್ಕಳಾಗಿದ್ದಿದ್ರೆ ಇದು ಬರ್ತಿರಲಿಲ್ವಂತೆ, ಹೌದಾ ಮೇಡಂ? ಮಕ್ಕಳಿಲ್ಲದವರು ಬದುಕೋದೂ ಕಮ್ಮಿಯಂತೆ?”

ಒಂದೇ ಉಸಿರಲ್ಲಿ ಕೇಳಿದರೂ ಇವು ಎರಡು ಪ್ರಶ್ನೆಗಳು. ರೋಗ ಯಾರಿಗೆ ಬರುತ್ತದೆ ಅನ್ನೋದು ಒಂದು. ಬಂದವರು ಎಷ್ಟು ಕಾಲ ಬದುಕುತ್ತಾರೆ ಅನ್ನೋದು ಇನ್ನೊಂದು.

ಮೊದಲನೆಯದಕ್ಕೆ ಸಾಕಷ್ಟು ಗಟ್ಟಿ ಉತ್ತರ ಇದೆ. ಹೆತ್ತವರಿಗೆ ಈ ಕ್ಯಾನ್ಸರ್ ಬರುವುದು ಕಮ್ಮಿ. ಒಳಪದರವನ್ನು ಬೆಳೆಸುವುದು ಈಸ್ಟ್ರೋಜನ್ ಅನ್ನುವ ಹಾರ್ಮೋನು, ಹದ್ದುಬಸ್ತಿನಲ್ಲಿ ಇಡುವುದು ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು. ಬಸುರಿಯಲ್ಲಿ ಪ್ರೊಜೆಸ್ಟರಾನ್‌ದೇ ಮೇಲುಗೈ. ಕೊನೆಯ ಹೆರಿಗೆ ತಡವಾದಷ್ಟೂ ರಕ್ಷಣೆ ಜಾಸ್ತಿ. 2012ರಲ್ಲಿ ಹಲವು ದೇಶಗಳ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ, 40 ದಾಟಿದ ಮೇಲೆ ಕೊನೆಯ ಮಗು ಹೆತ್ತವರಿಗೆ, 25ರೊಳಗೇ ಮುಗಿಸಿದವರಿಗಿಂತ ಅಪಾಯ ಶೇ. 44ರಷ್ಟು ಕಮ್ಮಿ ಇತ್ತು. 2019ರಲ್ಲಿ ಡೆನ್ಮಾರ್ಕಿನವರು ಇನ್ನೊಂದು ವಿಷಯ ಹೇಳಿದರು. ಶುರುವಿನಲ್ಲೇ ತೆಗೆಸಿಕೊಂಡ ಗರ್ಭದಿಂದಲೂ ಹೆಚ್ಚುಕಮ್ಮಿ ಅದೇ ರಕ್ಷಣೆ ಸಿಗುತ್ತದಂತೆ. ಅಂದರೆ ಒಂಬತ್ತು ತಿಂಗಳು ಹೊತ್ತಿದ್ದರಿಂದ, ಹೆರಿಗೆಯಲ್ಲಿ ಒಳಪದರ ಕಳಚಿ ಹೋಗಿದ್ದರಿಂದ ಅನ್ನುವ ಹಳೆಯ ವಿವರಣೆ ಸಾಲದು. ಬಸಿರಿನ ಮೊದಲ ವಾರಗಳಲ್ಲೇ ಏನೋ ನಡೆಯುತ್ತದೆ.

ಆದರೆ ನನ್ನ ಎದುರಿಗೆ ಕೂತವರ ಕತೆ ಸ್ವಲ್ಪ ಬೇರೆ. “ಮುಟ್ಟು ಸರಿಯಾಗಿ ಆಗ್ತಿತ್ತಾ?” ಅಂದೆ. ಮೊದಲಿಂದಲೂ ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಒಮ್ಮೆ. ಈಗಿನವರು ಪಿಸಿಒಡಿ ಅನ್ನುತ್ತಾರಲ್ಲ, ಅಂಡಾಶಯ ತಿಂಗಳು ತಿಂಗಳು ಸರಿಯಾಗಿ ಅಂಡ ಬಿಡದ ತೊಂದರೆ, ಅದೇ. ಅಂಡ ಬಿಡುಗಡೆಯಾಗದಿದ್ದರೆ ಪ್ರೊಜೆಸ್ಟರಾನ್ ಹುಟ್ಟುವುದಿಲ್ಲ. ಮಕ್ಕಳಾಗದೇ ಇದ್ದದ್ದಕ್ಕೂ ಅದೇ ಕಾರಣ, ಒಳಪದರ ಕೆಟ್ಟದ್ದಕ್ಕೂ ಅದರ ಪಾಲಿದೆ. ಆಗಲೇ ಯಾರಾದರೂ ಮುಟ್ಟು ಸರಿಯಾಗುವ ಮಾತ್ರೆ ಕೊಟ್ಟಿದ್ದರೆ ಚೆನ್ನಾಗಿತ್ತು. ಗರ್ಭನಿರೋಧಕ ಮಾತ್ರೆ ಐದು ವರ್ಷ ತಗೊಂಡರೆ ಈ ಕ್ಯಾನ್ಸರಿನ ಅಪಾಯ ಸುಮಾರು ಕಾಲುಭಾಗ ಇಳಿಯುತ್ತದೆ. ಅವರಿಗೆ ಸಿಕ್ಕಿದ್ದು ಹರಕೆ, ಉಪವಾಸ ಮತ್ತು ಅತ್ತೆಯ ಮಾತು.

ಇನ್ನು ಎರಡನೇ ಪ್ರಶ್ನೆ. ಇಂಥದ್ದಕ್ಕೆ ಉತ್ತರ ಹುಡುಕುವುದು ನಾರ್ವೆಯಂಥ ದೇಶಕ್ಕೆ ಸುಲಭ. ಅಲ್ಲಿ ಎಲ್ಲರಿಗೂ ಒಂದು ಗುರುತಿನ ಸಂಖ್ಯೆ ಇದೆ, 1967ರಿಂದ ಹೆರಿಗೆಗಳ ದಾಖಲೆ ಇದೆ, ಅದಕ್ಕೂ ಮೊದಲಿನಿಂದ ಕ್ಯಾನ್ಸರ್ ದಾಖಲೆ ಇದೆ. ಯಾರು ಎಷ್ಟು ಹೆತ್ತರು, ಯಾರಿಗೆ ರೋಗ ಬಂತು, ಯಾವಾಗ ತೀರಿಕೊಂಡರು ಅಂತ ಜೋಡಿಸಬಹುದು. ಅಲ್ಲೂ ಬೇರೆ ಕಡೆಯೂ ಜೋಡಿಸಿ ನೋಡಿದ್ದಾರೆ. ಆದರೆ ಬದುಕುಳಿಯುವ ವಿಷಯಕ್ಕೆ ಬಂದರೆ ಎಲ್ಲ ಅಧ್ಯಯನಗಳೂ ಒಂದೇ ಮಾತು ಆಡುವುದಿಲ್ಲ. ವಯಸ್ಸು, ಸ್ಟೇಜ್, ಗಡ್ಡೆಯ ಬಗೆ ಇವನ್ನೆಲ್ಲ ಲೆಕ್ಕಕ್ಕೆ ತಗೊಂಡಾಗ ಹಲವು ಕಡೆ ಮಕ್ಕಳ ಲೆಕ್ಕದ ತೂಕ ಇಳಿದುಬಿಡುತ್ತದೆ.

ಯಾಕೆಂದರೆ ರೋಗ ಬಂದ ಮೇಲೆ ಮಾತಾಡುವುದು ಗಡ್ಡೆ. ಗರ್ಭಕೋಶದ ಗೋಡೆಗೆ ಎಷ್ಟು ಆಳ ಇಳಿದಿದೆ? ಗ್ರೇಡ್ ಎಷ್ಟು, ಅಂದರೆ ಜೀವಕೋಶಗಳು ಎಷ್ಟು ಕೆಟ್ಟಿವೆ? ಸುತ್ತಲಿನ ದುಗ್ಧಗ್ರಂಥಿಗಳಿಗೆ ಹೋಗಿದೆಯಾ? ಗರ್ಭಕೋಶದೊಳಗೇ ಇರುವಾಗ ಸಿಕ್ಕಿಬಿದ್ದರೆ ಅಮೆರಿಕದ ಲೆಕ್ಕದಲ್ಲಿ ನೂರಕ್ಕೆ ಸುಮಾರು 95 ಮಂದಿ ಐದು ವರ್ಷ ದಾಟುತ್ತಾರೆ. 2013ರಲ್ಲಿ ಅಲ್ಲಿನ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆಯವರು 373 ಗಡ್ಡೆಗಳ ಜೀನ್ ನೋಡಿ ನಾಲ್ಕು ಗುಂಪು ಮಾಡಿದರು. ‘ಪೋಲ್’ ಜೀನ್ ಕೆಟ್ಟವು ಸೂಕ್ಷ್ಮದರ್ಶಕದಲ್ಲಿ ಭಯಂಕರವಾಗಿ ಕಂಡರೂ ಹೆಚ್ಚಾಗಿ ವಾಸಿಯಾಗುತ್ತವೆ. ‘ಪಿ53’ ಜೀನ್ ಕೆಟ್ಟವು ಒರಟು ಜಾತಿ. ಇವತ್ತು ಕೀಮೋ ಬೇಕಾ, ರೇಡಿಯೇಷನ್ ಸಾಕಾ ಅನ್ನುವಾಗ ನಾನು ನೋಡುವುದು ಈ ಸಾಲುಗಳನ್ನು. ‘ಪಿ2 ಎಲ್2’ ಕಡೆ ಕಣ್ಣೂ ಹೋಗುವುದಿಲ್ಲ.

ನಾಲ್ಕು ಹೆತ್ತ ಒಬ್ಬ ಅಜ್ಜಿ ನೆನಪಾಗುತ್ತಾರೆ. ಮುಟ್ಟು ನಿಂತು ಹದಿನೈದು ವರ್ಷವಾದ ಮೇಲೆ ಬಟ್ಟೆಗೆ ರಕ್ತ ಕಂಡಿತ್ತು. ಹತ್ತು ತಿಂಗಳು ಸುಮ್ನಿದ್ದರು. “ನಾಲ್ಕು ಹೆತ್ತವಳಿಗೆ ಏನಾಗ್ತದೆ ಬಿಡು” ಅಂದಿದ್ದರಂತೆ. ಅವರದು ಪಿ53 ಗಡ್ಡೆ, ಹೊಟ್ಟೆಗೆಲ್ಲ ಹರಡಿತ್ತು. ಹಾಗಂತ ಮುಟ್ಟು ನಿಂತ ಮೇಲಿನ ರಕ್ತಸ್ರಾವವೆಲ್ಲ ಕ್ಯಾನ್ಸರ್ ಅಲ್ಲ. ನೂರರಲ್ಲಿ ಸುಮಾರು 9 ಮಂದಿಗೆ ಮಾತ್ರ ಅದು ಸಿಗುತ್ತದೆ. ಆದರೆ ಈ ಕ್ಯಾನ್ಸರ್ ಇರುವ ಹತ್ತರಲ್ಲಿ ಒಂಬತ್ತು ಮಂದಿಗೆ ರಕ್ತಸ್ರಾವ ಆಗಿಯೇ ಇರುತ್ತದೆ. ಒಂದೇ ಒಂದು ಹನಿ ಕಂಡರೂ ಸ್ಕ್ಯಾನ್ ಮಾಡಿಸಬೇಕು.

ಮಕ್ಕಳಿಲ್ಲದವರು ಬೇಗ ಹೋಗುತ್ತಾರೆ ಅಂತ ಎಲ್ಲಾದರೂ ಕಂಡರೆ, ಸತ್ತದ್ದು ಯಾವುದರಿಂದ ಅಂತಲೂ ನೋಡಬೇಕು. ಈ ಕ್ಯಾನ್ಸರಿನಿಂದ ಗೆದ್ದು ಬಂದ ಎಷ್ಟೋ ಮಂದಿಯನ್ನು ಕೊನೆಗೆ ಕರೆದೊಯ್ಯುವುದು ಹೃದಯದ ಕಾಯಿಲೆ. ಪಿಸಿಒಡಿ, ತೂಕ, ಶುಗರ್, ಬಿಪಿ ಒಂದೇ ಮನೆಯ ನೆಂಟರು. ಇದನ್ನು ನಾವು ಕ್ಯಾನ್ಸರ್ ಡಾಕ್ಟರುಗಳು ಮರೆಯುವುದು ಜಾಸ್ತಿ.

ಆ ಚಿಕ್ಕಮ್ಮನ ಆಪರೇಷನ್ ಆಯಿತು. ಒಂದನೇ ಗ್ರೇಡ್, ಗೋಡೆಯ ಅರ್ಧದಷ್ಟೂ ಇಳಿದಿರಲಿಲ್ಲ, ಗ್ರಂಥಿಗಳು ಚೊಕ್ಕಟ. ರೇಡಿಯೇಷನ್ ಬೇಕಾಗಲಿಲ್ಲ. ಹೋದ ವಾರ ಚೆಕಪ್‌ಗೆ ಬಂದಿದ್ದರು. ಪರೀಕ್ಷೆ ಹತ್ತು ನಿಮಿಷದಲ್ಲಿ ಮುಗಿಯಿತು. ಆಮೇಲೆ ಅರ್ಧ ಗಂಟೆ ನಾವು ಅವರ ಶುಗರ್ ಬಗ್ಗೆ ಜಗಳ ಆಡಿದೆವು. ರಾಗಿಮುದ್ದೆ ಎಷ್ಟು ಉಂಡರೂ ಶುಗರ್ ಏರಲ್ಲ ಅನ್ನೋದು ಅವರ ವಾದ.