ಪೂರ್ವ, ಪಶ್ಚಿಮ ಮತ್ತು ನನ್ನ 5,200 ಕಿ.ಮೀ. ಅಮೆರಿಕ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ವಿಮಾನದ ದಾರಿ ಎಷ್ಟು ದೂರ? ನಿನ್ನೆ ರಾತ್ರಿ ನನಗೆ ಬಂದ ಉತ್ತರ 5,200 ಕಿ.ಮೀ. ಲಂಡನ್ನೇ ಸುಮಾರು 8,000 ಕಿ.ಮೀ. ಇರುವಾಗ ಅಮೆರಿಕ ಅದಕ್ಕಿಂತ ಹತ್ತಿರ ಬಂದು ಕುಳಿತಿತ್ತು! ತಪ್ಪು ಸಿಕ್ಕಿದ್ದು ಬೆಳಗಿನ ಜಾವಕ್ಕೆ. ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ಗೋಳದ ಮೇಲೆ ಎರಡು ಊರುಗಳ ದೂರ ಕಂಡುಹಿಡಿಯುವ ಸೂತ್ರ ಇದು (ಸೈನ್, ಕಾಸ್ ಎಂದರೆ ತ್ರಿಕೋನಮಿತಿಯ ಅನುಪಾತಗಳು):
ಕಾಸ್ ದ = ಸೈನ್ ಅ₁ × ಸೈನ್ ಅ₂ + ಕಾಸ್ ಅ₁ × ಕಾಸ್ ಅ₂ × ಕಾಸ್ ರ
ಅ ಅಕ್ಷಾಂಶ, ರ ರೇಖಾಂಶಗಳ ವ್ಯತ್ಯಾಸ, ದ ಭೂಕೇಂದ್ರದಲ್ಲಿ ಎರಡು ಊರುಗಳ ನಡುವಿನ ಕೋನ.

ಬೆಂಗಳೂರು ವಿಮಾನ ನಿಲ್ದಾಣ 13.2 ಡಿಗ್ರಿ ಉತ್ತರ, 77.7 ಡಿಗ್ರಿ ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ 37.6 ಉತ್ತರ, 122.4 ಪಶ್ಚಿಮ. ನನ್ನನ್ನು ಕೆಡಿಸಿದ್ದು ‘ವ್ಯತ್ಯಾಸ’ ಎಂಬ ಪದ. ವ್ಯತ್ಯಾಸ ಎಂದ ಮೇಲೆ ಕಳೆಯಬೇಕಲ್ಲವೇ ಎಂದು 122.4ರಲ್ಲಿ 77.7 ಕಳೆದು 44.7 ಎಂದು ಬರೆದೆ. ಆದರೆ ಒಂದು ಊರು ಸೊನ್ನೆ ರೇಖಾಂಶದ ಗ್ರೀನಿಚ್‌ನ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಬಳ್ಳಾರಿಯ ರಾಯಲ್ ವೃತ್ತದಿಂದ ನಾನು ಮೂಡಲಿಗೆ ಎರಡು ಕಿ.ಮೀ., ನೀವು ಪಡುವಲಿಗೆ ಮೂರು ಕಿ.ಮೀ. ನಡೆದರೆ ನಮ್ಮ ನಡುವಿನ ಅಂತರ ಒಂದಲ್ಲ, ಐದು. ಇಲ್ಲಿಯೂ ಹಾಗೆಯೇ: 77.7 + 122.4 = 200.1. ಇದು 180 ದಾಟಿತು, ಅಂದರೆ ಆಚೆ ಬದಿಯಿಂದ ಸುತ್ತುವುದೇ ಹತ್ತಿರ: 360 − 200.1 = 159.9. (ಎರಡರ ಕಾಸ್ ಒಂದೇ, ಈ ಕಳೆಯುವಿಕೆ ಮರೆತರೂ ಉತ್ತರ ಕೆಡುವುದಿಲ್ಲ.)

ಕಾಸ್ ದ = 0.139 − 0.724 = −0.585. ಋಣ ಸಂಖ್ಯೆ ಕಂಡು ಗಾಬರಿ ಬೇಡ, ಕೋನ 90 ದಾಟಿದೆ ಅಷ್ಟೇ. ದ = 125.8 ಡಿಗ್ರಿ.

ಇನ್ನು ನನಗೆ ಬಹಳ ಇಷ್ಟವಾದ ಅಡ್ಡದಾರಿ. ಭೂಕೇಂದ್ರದ ಒಂದು ಡಿಗ್ರಿ ಕೋನಕ್ಕೆ ನೆಲದ ಮೇಲೆ 60 ನಾಟಿಕಲ್ ಮೈಲಿ (ಹಡಗು, ವಿಮಾನಗಳ ದೂರದ ಅಳತೆ), ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. 125.8 × 60 = 7,548 ನಾಟಿಕಲ್ ಮೈಲಿ, ಅಂದರೆ ಸುಮಾರು 13,980 ಕಿ.ಮೀ. ತ್ರಿಜ್ಯವೂ ಬೇಡ, ಪೈ ಕೂಡ ಬೇಡ.

ಆದರೂ ನಂಬಿಕೆ ಬರಲಿಲ್ಲ. ಜೀನ್ಸ್ ಹೊಲಿಯುವ ಅತ್ತೆಯಿಂದ ದಪ್ಪ ದಾರ ಕೇಳಿ ತಂದು ಗ್ಲೋಬಿನ ಮೇಲೆ ಬಿಗಿಯಾಗಿ ಎಳೆದೆ. ದಾರ ಪೆಸಿಫಿಕ್ಕಿನ ನಡುವೆ ಹೋಗದೆ ಸೈಬೀರಿಯಾ ಹತ್ತಿ ಅಲಾಸ್ಕಾದ ಮೇಲೆ ಇಳಿಯಿತು. ಗೋಡೆಯ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆಯುವವರಿಗೆ ಇದು ಕಾಣುವುದೇ ಇಲ್ಲ.

ಸಮಯಕ್ಕೆ ಗಂಟೆಗೆ 900 ಕಿ.ಮೀ. ಹಿಡಿದರೆ ಹದಿನೈದೂವರೆ ಗಂಟೆ. ಏರಿಳಿತ, ಗಾಳಿ ಸೇರಿ 16 ದಾಟುತ್ತದೆ. ಹತ್ತಿರದ ಊರುಗಳಿಗೆ ಈ ಭಾಗಾಕಾರ ನಡೆಯದು: ಬಳ್ಳಾರಿ ಹತ್ತಿರದ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದಿಂದ ಬೆಂಗಳೂರು ನಿಲ್ದಾಣಕ್ಕೆ ನೇರ ದೂರ ಸುಮಾರು 250 ಕಿ.ಮೀ., ಲೆಕ್ಕದಲ್ಲಿ 17 ನಿಮಿಷ! ಏರಿ ಇಳಿಯುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಗಡಿಯಾರದಲ್ಲಿಯೂ ಅದೇ ಪೂರ್ವ-ಪಶ್ಚಿಮದ ಗುಂಡಿ. ಜನವರಿಯಲ್ಲಿ ಮಧ್ಯಾಹ್ನ 2ಕ್ಕೆ ಹೊರಟ ವಿಮಾನ ಅಲ್ಲಿ ಅದೇ ದಿನ ಸಂಜೆ 5ಕ್ಕೆ ಇಳಿಯಿತು ಎನ್ನಿ. ನಾವು ಗ್ರೀನಿಚ್‌ಗಿಂತ 5:30 ಮುಂದೆ, ಅವರು 8 ಗಂಟೆ ಹಿಂದೆ. ಕೂಡಿದರೆ 13:30. ಅದಕ್ಕೆ ಗಡಿಯಾರ ತೋರಿಸಿದ 3 ಗಂಟೆ ಸೇರಿಸಿ: ಹಾರಾಟದ ಸಮಯ 16:30. ಜನವರಿಯ ಬದಲು ಜುಲೈ ಆಗಿದ್ದರೆ 13:30ರ ಬದಲು 12:30 ಹಿಡಿಯಿರಿ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ.