ರಣಹದ್ದಿನ ಹೊಟ್ಟೆಯಲ್ಲಿ ಸುಣ್ಣದಂಥ ಬಿಳಿ ಪುಡಿ: ಡೈಕ್ಲೋಫೆನಾಕ್ ಪಾಠದ ಟಿಪ್ಪಣಿ

ಪಶುವೈದ್ಯಕೀಯ ಓದಿನ ವಿಷಶಾಸ್ತ್ರದ ಪಾಠದಲ್ಲಿ ಡೈಕ್ಲೋಫೆನಾಕ್ ಮತ್ತು ರಣಹದ್ದಿನ ವಿಷಯ ನಾಲ್ಕೇ ಸಾಲಿನಲ್ಲಿ ಮುಗಿದುಹೋಗುತ್ತದೆ. ದನಕ್ಕೆ ಕೊಟ್ಟ ನೋವಿನ ಔಷಧಿ, ಅದರ ಮಾಂಸ ತಿಂದ ಹದ್ದು, ಕಿಡ್ನಿ ಹಾಳು, ಸಾವು. ಪರೀಕ್ಷೆಗೆ ಇಷ್ಟು ಸಾಕಾಗಬಹುದು. ಆದರೆ ಈ ಉತ್ತರ ಹೇಗೆ ಸಿಕ್ಕಿತು ಅಂತ ಓದಿದ ಮೇಲೆ ನನಗೆ ಇಡೀ ವಿಷಯವೇ ಬೇರೆ ಥರ ಕಾಣತೊಡಗಿತು. ಜೊತೆಗೆ ಓದುತ್ತಿರುವವರಿಗೂ ಉಪಯೋಗವಾಗಲಿ ಅಂತ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ನಷ್ಟ ಎಷ್ಟು ದೊಡ್ಡದು ಅಂತ ನೋಡಿ. 1992ರಿಂದ 2007ರ ನಡುವೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು 99.9% ಕಡಿಮೆಯಾಯಿತು. ಅಂದರೆ ಸಾವಿರ ಇದ್ದ ಕಡೆ ಒಂದು. ಉದ್ದ ಕೊಕ್ಕಿನ ಜಾತಿಯಲ್ಲೂ ತೆಳು ಕೊಕ್ಕಿನ ಜಾತಿಯಲ್ಲೂ ನೂರಕ್ಕೆ ಸುಮಾರು 97 ಹೋದವು. ರಾಜಸ್ಥಾನದ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ಹಕ್ಕಿಗಳ ಅಧ್ಯಯನ ಮಾಡುತ್ತಿದ್ದ ವಿಭು ಪ್ರಕಾಶ್ ಇದನ್ನು ಮೊದಲು ಗಮನಿಸಿದವರಲ್ಲಿ ಒಬ್ಬರು. ಮರದ ಮೇಲೆ ಕೂತ ಹದ್ದುಗಳು ಕತ್ತು ಇಳಿಬಿಟ್ಟುಕೊಂಡು ಮಂಕಾಗಿರುತ್ತಿದ್ದವು. ಗೂಡುಗಳು ಖಾಲಿಯಾಗುತ್ತಿದ್ದವು.

ಒಂದೇ ಸಮನೆ, ಇಷ್ಟು ದೊಡ್ಡ ಪ್ರದೇಶದಲ್ಲಿ ಸಾವು ಅಂದರೆ ನಮಗೆ ಮೊದಲು ಏನು ಹೊಳೆಯುತ್ತದೆ? ವೈರಸ್, ಅಲ್ವಾ? ಆಗಿನ ಸಂಶೋಧಕರಿಗೂ ಸಾಂಕ್ರಾಮಿಕ ರೋಗದ ಮೇಲೆಯೇ ಜಾಸ್ತಿ ಅನುಮಾನ ಇತ್ತು. ಅದು ತಪ್ಪು ಊಹೆಯೇನಲ್ಲ. ಹರಡುವ ರೀತಿ ನೋಡಿದರೆ ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು.

ದಾರಿ ತಿರುಗಿದ್ದು ಪೋಸ್ಟ್‌ಮಾರ್ಟಂ ಮೇಜಿನ ಮೇಲೆ. ಪಾಕಿಸ್ತಾನದ ಪಂಜಾಬಿನಲ್ಲಿ ಲಿಂಡ್ಸೆ ಓಕ್ಸ್ ಎಂಬ ಅಮೆರಿಕದ ಪಶುವೈದ್ಯ ವಿಜ್ಞಾನಿ ಮತ್ತು ಅವರ ತಂಡ ಸತ್ತ ಹದ್ದುಗಳನ್ನು ಕೊಯ್ದು ನೋಡಿದರು. ಹೆಚ್ಚಿನವುಗಳಲ್ಲಿ ಯಕೃತ್ತು, ಹೃದಯದ ಪೊರೆ, ಕಿಡ್ನಿ, ಎಲ್ಲದರ ಮೇಲೂ ಸುಣ್ಣ ಬಳಿದ ಹಾಗೆ ಬಿಳಿ ಪದರ. ಇದೇ ವಿಸರಲ್ ಗೌಟ್. ಹಕ್ಕಿಗಳು ನಮ್ಮ ಹಾಗೆ ಯೂರಿಯಾ ಹೊರಹಾಕುವುದಿಲ್ಲ, ಯೂರಿಕ್ ಆಮ್ಲ ಹೊರಹಾಕುತ್ತವೆ ಎಂಬುದು ನೆನಪಿದೆಯಲ್ಲ? ಕಿಡ್ನಿ ನಿಂತರೆ ಆ ಆಮ್ಲ ರಕ್ತದಲ್ಲಿ ತುಂಬಿ, ಕೊನೆಗೆ ಹರಳಾಗಿ ಅಂಗಗಳ ಮೇಲೆ ಕೂರುತ್ತದೆ. ಹಾಗಾಗಿ ಬಿಳಿ ಪುಡಿಯೇ ರೋಗ ಅಂತ ಬರೆಯಬೇಡಿ. ಅದು ಕಿಡ್ನಿ ಸತ್ತಿದೆ ಎಂಬುದರ ಗುರುತು ಮಾತ್ರ. ಕಿಡ್ನಿ ಯಾಕೆ ಸತ್ತಿತು ಎಂಬ ಪ್ರಶ್ನೆ ಹಾಗೇ ಉಳಿದಿರುತ್ತದೆ.

ತಂಡ ವೈರಸ್ ಹುಡುಕಿತು, ಕೀಟನಾಶಕ ಹುಡುಕಿತು, ಸೀಸ, ಪಾದರಸದಂಥ ಲೋಹ ಹುಡುಕಿತು. ಸಾವಿಗೆ ಕಾರಣ ಅನ್ನುವಂಥದ್ದು ಏನೂ ಸಿಗಲಿಲ್ಲ. ಆಗ ಅವರು ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ಲ್ಯಾಬಿನಿಂದ ಹೊರಗೆ ಬಂದು, ಹದ್ದು ಏನು ತಿನ್ನುತ್ತದೆ ಅಂತ ಕೇಳಿಕೊಂಡರು. ಸತ್ತ ದನ, ಎಮ್ಮೆ. ಹಾಗಾದರೆ ಆ ದನಕ್ಕೆ ಸಾಯುವ ಮುಂಚೆ ಏನೇನು ಕೊಟ್ಟಿರುತ್ತಾರೆ? ಸುತ್ತಲಿನ ಪಶುವೈದ್ಯರನ್ನು, ಔಷಧಿ ಅಂಗಡಿಯವರನ್ನು ಹೋಗಿ ವಿಚಾರಿಸಿದರು. ಬಾಯಿಂದ ಹೋದರೂ ಮೈಗೆ ಸೇರುವ, ಕಿಡ್ನಿಗೆ ಪೆಟ್ಟು ಕೊಡಬಲ್ಲ ಔಷಧಿ ಅಂತ ಸೋಸಿದಾಗ ಉಳಿದದ್ದು ಡೈಕ್ಲೋಫೆನಾಕ್ ಒಂದೇ. ಅಗ್ಗದ ಸೂಜಿಮದ್ದು. ಜ್ವರ, ಕುಂಟು, ಕೆಚ್ಚಲು ಬಾವು, ಎಲ್ಲಕ್ಕೂ ಹಾಕುತ್ತಿದ್ದರು.

ಮುಂದಿನ ಎರಡು ಅಂಕಿಗಳನ್ನು ದಯವಿಟ್ಟು ಬಾಯಿಪಾಠ ಮಾಡಿ. ಕಿಡ್ನಿ ಕೆಟ್ಟು ಸತ್ತ 25 ಹದ್ದುಗಳನ್ನು ಪರೀಕ್ಷೆ ಮಾಡಿದರು, 25ರಲ್ಲೂ ಡೈಕ್ಲೋಫೆನಾಕ್ ಇತ್ತು. ಬೇರೆ ಕಾರಣಕ್ಕೆ ಸತ್ತ 13 ಹದ್ದುಗಳಲ್ಲಿ ಒಂದರಲ್ಲೂ ಇರಲಿಲ್ಲ. ಎರಡನೆಯ ಗುಂಪನ್ನು ನಾವು ಉತ್ತರದಲ್ಲಿ ಬಿಟ್ಟುಬಿಡುತ್ತೇವೆ. ಆದರೆ ಅದಿಲ್ಲದೆ ಮೊದಲಿನದಕ್ಕೆ ಬೆಲೆ ಇಲ್ಲ. ಎಲ್ಲ ಹದ್ದುಗಳಲ್ಲೂ ಔಷಧಿ ಇದ್ದಿದ್ದರೆ ಅದು ಸುಮ್ನೆ ಆ ಊರಿನ ದನಗಳಲ್ಲೆಲ್ಲ ಇರುವ ವಸ್ತು ಅಂತಾಗುತ್ತಿತ್ತು ಅಷ್ಟೇ. ಆಮೇಲೆ ಔಷಧಿ ಕೊಟ್ಟ ಎಮ್ಮೆ, ಆಡುಗಳ ಮಾಂಸವನ್ನು ಕಾಡಿಗೆ ಬಿಡಲಾಗದ ಹದ್ದುಗಳಿಗೆ ತಿನ್ನಿಸಿ ನೋಡಿದರು. ಅದೇ ಗೌಟ್, ಅದೇ ಸಾವು, ಪ್ರಮಾಣ ಹೆಚ್ಚಿದಷ್ಟೂ ಸಾವು ಹೆಚ್ಚು. ಇದು 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಭಾರತ ಮತ್ತು ನೇಪಾಳದ ಹದ್ದುಗಳಲ್ಲೂ ಇದೇ ಕಂಡುಬಂತು.

ಪ್ರಮಾಣದ ಲೆಕ್ಕ

ಬಿಳಿಬೆನ್ನಿನ ರಣಹದ್ದಿಗೆ ಎಲ್‌ಡಿ 50, ಅಂದರೆ ಅರ್ಧದಷ್ಟು ಹಕ್ಕಿಗಳನ್ನು ಕೊಲ್ಲುವ ಪ್ರಮಾಣ, ಕಿಲೋ ತೂಕಕ್ಕೆ ಸುಮಾರು 0.1ರಿಂದ 0.2 ಮಿಲಿಗ್ರಾಂ. ಹದ್ದು 5 ಕಿಲೋ ಇದ್ದರೆ ಒಟ್ಟು ಅರ್ಧದಿಂದ ಒಂದು ಮಿಲಿಗ್ರಾಂ. ಮನೆಯಲ್ಲಿ ಮಂಡಿನೋವಿಗೆ ನುಂಗುವ ಡೈಕ್ಲೋಫೆನಾಕ್ ಮಾತ್ರೆಯಲ್ಲಿ 50 ಮಿಲಿಗ್ರಾಂ ಇರುತ್ತದೆ. ಹೋಲಿಸಿ ನೋಡಿ. ಅದೂ ಅಲ್ಲದೆ ದನದ ಮೈಯಲ್ಲಿ ಔಷಧಿ ಎಲ್ಲ ಕಡೆ ಸಮನಾಗಿ ಇರುವುದಿಲ್ಲ. ಕಿಡ್ನಿ, ಯಕೃತ್ತು, ಸೂಜಿ ಚುಚ್ಚಿದ ಜಾಗದಲ್ಲಿ ಜಾಸ್ತಿ. ಅದೇ ಭಾಗ ಸಿಕ್ಕ ಹದ್ದಿಗೆ ಒಂದು ಊಟ ಸಾಕು, ಸುಮಾರು ಎರಡು ದಿನದಲ್ಲಿ ಸಾಯುತ್ತದೆ.

ಆದರೆ ಅಮೆರಿಕದ ಟರ್ಕಿ ವಲ್ಚರ್‌ಗೆ ಇದಕ್ಕಿಂತ ಎಷ್ಟೋ ಪಟ್ಟು ಕೊಟ್ಟರೂ ಏನೂ ಆಗಲಿಲ್ಲ. ಕೋಳಿಯೂ ಬಹಳ ತಡೆದುಕೊಳ್ಳುತ್ತದೆ. ಆದ್ದರಿಂದ 'ಹಕ್ಕಿಗಳಿಗೆ ಡೈಕ್ಲೋಫೆನಾಕ್ ವಿಷ' ಅಂತ ಬರೆದರೆ ಉತ್ತರ ಸಡಿಲ. ಮೇಲೆ ಹೇಳಿದ ಮೂರೂ ಜಾತಿ ಸೇರಿರುವ ಜಿಪ್ಸ್ ಕುಲದ ಹದ್ದುಗಳಿಗೆ ಅಂತಲೇ ಬರೆಯಿರಿ.

ಇನ್ನೊಂದು ಅನುಮಾನ ನನಗೆ ಬಹಳ ದಿನ ಇತ್ತು. ಎಲ್ಲ ದನಕ್ಕೂ ಈ ಸೂಜಿ ಹಾಕಿರುವುದಿಲ್ಲ, ಹಾಕಿದ ದನವೆಲ್ಲ ತಕ್ಷಣ ಸಾಯುವುದೂ ಇಲ್ಲ. ಹೀಗಿದ್ದೂ ಇಷ್ಟೊಂದು ಹದ್ದು ಹೇಗೆ ಹೋದವು? ಲೆಕ್ಕ ಹಾಕಿದವರು ಹೇಳುವ ಪ್ರಕಾರ 130 ಹೆಣಗಳಲ್ಲಿ ಒಂದರಿಂದ ಹಿಡಿದು 760ರಲ್ಲಿ ಒಂದರಲ್ಲಿ ಕೊಲ್ಲುವಷ್ಟು ಔಷಧಿ ಇದ್ದರೂ ಈ ಕುಸಿತಕ್ಕೆ ಸಾಕು. ಕಾರಣ ಹದ್ದಿನ ಬದುಕಿನ ರೀತಿಯಲ್ಲೇ ಇದೆ. ಒಂದು ಹೆಣಕ್ಕೆ ಹತ್ತಾರು ಹದ್ದು ಇಳಿಯುತ್ತವೆ. ಒಂದು ಜೋಡಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಮರಿ ಬೆಳೆದು ತಾನೇ ಮೊಟ್ಟೆ ಇಡಲು ಸುಮಾರು ಐದು ವರ್ಷ ಬೇಕು. ಆಗ ಭಾರತದಲ್ಲಿ ಪರೀಕ್ಷಿಸಿದ ಹೆಣಗಳಲ್ಲಿ ನೂರಕ್ಕೆ ಸುಮಾರು ಹತ್ತರಲ್ಲಿ ಈ ಔಷಧಿಯ ಅಂಶ ಸಿಕ್ಕಿತ್ತು.

ಮನುಷ್ಯರ ಕಡೆಗೆ

ಹದ್ದು ಇಲ್ಲದ ಕಡೆ ಹೆಣ ನಾಯಿಗಳ ಪಾಲಾಗುತ್ತದೆ, ಇಲ್ಲವೇ ಕೊಳೆತು ನೀರಿಗೆ ಸೇರುತ್ತದೆ. ನಾಯಿ ಹೆಚ್ಚಿದರೆ ಕಡಿತ ಹೆಚ್ಚು, ರೇಬಿಸ್ ಭಯ ಹೆಚ್ಚು. ನಮ್ಮ ದೇಶದಲ್ಲಿ ಮನುಷ್ಯರಿಗೆ ರೇಬಿಸ್ ಬರುವುದು ಬಹುತೇಕ ನಾಯಿಯಿಂದಲೇ. 2024ರಲ್ಲಿ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು ಹದ್ದು ಹೆಚ್ಚಿದ್ದ ಜಿಲ್ಲೆಗಳನ್ನೂ ಮೊದಲಿಂದಲೇ ಕಡಿಮೆ ಇದ್ದ ಜಿಲ್ಲೆಗಳನ್ನೂ ಹೋಲಿಸಿದರು. 2000ದಿಂದ 2005ರ ನಡುವೆ ಸುಮಾರು 5 ಲಕ್ಷ ಹೆಚ್ಚುವರಿ ಸಾವು ಆಗಿವೆ ಎಂಬುದು ಅವರ ಅಂದಾಜು. ಅಂದಾಜು ಎಂಬ ಪದವನ್ನು ಉತ್ತರದಲ್ಲಿ ಬಿಡಬೇಡಿ. ಡೈಕ್ಲೋಫೆನಾಕ್ ಮನುಷ್ಯರಿಗೆ ನೇರವಾಗಿ ಮಾಡಿದ್ದಲ್ಲ ಇದು, ಕಸ ತೆಗೆಯುವ ಜೀವಿ ಹೋದದ್ದರ ಫಲ.

ನಿಷೇಧದ ಕಥೆ ಬೇಗ ಹೇಳುತ್ತೇನೆ. 2006ರಲ್ಲಿ ಭಾರತ ಪಶುಗಳಿಗಾಗಿ ಡೈಕ್ಲೋಫೆನಾಕ್ ತಯಾರಿಸುವುದನ್ನು ನಿಲ್ಲಿಸಿತು. ಮನುಷ್ಯರ ದೊಡ್ಡ ಬಾಟಲಿಗಳನ್ನೇ ದನಕ್ಕೆ ಬಳಸುತ್ತಿದ್ದರಿಂದ 2015ರಲ್ಲಿ ಅದನ್ನೂ 3 ಮಿಲಿಲೀಟರಿಗೆ ಇಳಿಸಿದರು. ಬದಲಿ ಔಷಧಿ ಮೆಲಾಕ್ಸಿಕಾಮ್. ಇದು ಹದ್ದಿಗೆ ಸುರಕ್ಷಿತ ಅಂತ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಅಸಿಕ್ಲೋಫೆನಾಕ್ ಎಂಬ ಇನ್ನೊಂದು ನೋವಿನ ಔಷಧಿ ಇದೆ, ಹೆಸರು ಬೇರೆಯಾದರೂ ದನದ ಮೈಯೊಳಗೆ ಡೈಕ್ಲೋಫೆನಾಕ್ ಆಗಿ ಬದಲಾಗುತ್ತದೆ. ಅದನ್ನೂ ಕೀಟೋಪ್ರೊಫೆನ್ ಎಂಬ ಮತ್ತೊಂದು ನೋವಿನ ಔಷಧಿಯನ್ನೂ ಪಶುಗಳಿಗೆ ಬಳಸದಂತೆ 2023ರಲ್ಲಿ ನಿಷೇಧಿಸಿದರು. ನಡುವಿನ ಇಷ್ಟು ವರ್ಷ ನನಗೆ ಸಂಕಟ ತರುತ್ತವೆ.

ನಮ್ಮಲ್ಲಿ ಉದ್ದ ಕೊಕ್ಕಿನ ರಣಹದ್ದು ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಗೂಡು ಕಟ್ಟುತ್ತದೆ. 2012ರಲ್ಲಿ ಅದನ್ನು ರಣಹದ್ದು ಧಾಮ ಅಂತ ಘೋಷಿಸಿದರು. ಬೆರಳೆಣಿಕೆಯ ಹಕ್ಕಿಗಳು, ವರ್ಷಕ್ಕೆ ಒಂದೊಂದೇ ಮೊಟ್ಟೆ. ಇವು ಧಾಮದ ಗಡಿಯೊಳಗೆ ಮಾತ್ರ ಉಣ್ಣುವುದಿಲ್ಲ, ದೂರ ದೂರದ ಊರುಗಳ ಮೇಲೆ ಹಾರಿ ಹೆಣ ಹುಡುಕುತ್ತವೆ.

ಹಾಗಾಗಿ ನಾಳೆ ಹಳ್ಳಿಯಲ್ಲಿ ಕೆಲಸಕ್ಕೆ ನಿಂತಾಗ, ದನ ಸತ್ತಿದೆ ಅಂತ ಕರೆ ಬಂದರೆ ಮಾಲೀಕರನ್ನು ಕೇಳಬೇಕಾದ ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ: 'ಯಜಮಾನ್ರೇ, ಹೋದ ಮೂರ್ನಾಲ್ಕು ದಿನದಲ್ಲಿ ಯಾವ ಸೂಜಿ ಹಾಕ್ಸಿದ್ರಿ? ಬಾಟ್ಲಿ ಇದ್ರೆ ತೋರ್ಸಿ.' ನೋವಿನ ಔಷಧಿ ಹಾಕಿದ್ದರೆ ಹೆಣವನ್ನು ಬಯಲಿಗೆ ಎಸೆಯಲು ಬಿಡದೆ, ಆಳವಾಗಿ ಗುಂಡಿ ತೆಗೆಸಿ ಹೂಳಿಸುವುದು.